ತಿಪ್ಪೆಗೆ ಶಾಸ್ತ್ರದ ಗೌರವ ತಂದ ಹೋವರ್ಡ್

ನಗರದ ಕಸ ಎಂದೊಡನೆ ನಮ್ಮ ಸಾರ್ವಜನಿಕ ಚರ್ಚೆ ಲಾರಿ, ಗುತ್ತಿಗೆ ಮತ್ತು ಟೆಂಡರುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ರಾಶಿಗಳು ಕೊಳೆತವು. 2014ರಲ್ಲಿ ಮಂಡೂರಿನ ಜನ ತಮ್ಮ ಊರು ಮಹಾನಗರದ ತಿಪ್ಪೆಯಾಗಿದ್ದು ಸಾಕೆಂದು ಪ್ರತಿಭಟನೆಗೆ ಇಳಿದರು. ಎರಡು ಸಂದರ್ಭಗಳಲ್ಲೂ ಆಡಳಿತದ ಮುಂದಿದ್ದ ಮುಖ್ಯ ಪ್ರಶ್ನೆ ಕಸವನ್ನು ಎಲ್ಲಿಗೆ ಸಾಗಿಸಬೇಕು ಎಂಬುದೇ ಆಗಿತ್ತು. ಸಾಗಿಸುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಹಿಂದೆ ಸರಿಯಿತು. ನಮ್ಮ ಮನೆಗಳ ಕಸದಲ್ಲಿ ಸುಮಾರು ಅರ್ಧದಷ್ಟು ಅಡುಗೆಮನೆಯ ಮತ್ತು ಕೈತೋಟದ ಹಸಿ ಪದಾರ್ಥವೇ ಆಗಿರುವಾಗ ಈ ಎರಡನೆಯ ಪ್ರಶ್ನೆಯೇ ಮೊದಲು ಏಳಬೇಕಿತ್ತು. ಅದನ್ನು ಸುಮಾರು ನೂರು ವರ್ಷಗಳ ಹಿಂದೆಯೇ ನಮ್ಮ ನೆಲದ ಮೇಲೆ ನಿಂತು ಕೇಳಿ, ಉತ್ತರವನ್ನೂ ಕಂಡುಕೊಂಡವರು ಸರ್ ಆಲ್ಬರ್ಟ್ ಹೋವರ್ಡ್. ಸಾವಯವ ಕೃಷಿಯ ಮೂಲಪುರುಷರಲ್ಲಿ ಒಬ್ಬರೆಂದು ಜಗತ್ತು ಅವರನ್ನು ಸ್ಮರಿಸುತ್ತದೆ. ಕಸ ವಿಲೇವಾರಿಯ ಬಗ್ಗೆ ಚಿಂತಿಸುವ ನಾಗರಿಕರಿಗೂ ಆಡಳಿತಗಾರರಿಗೂ ಅವರ ಬದುಕಿನಲ್ಲಿ ಪಾಠವಿದೆ.

ಹೋವರ್ಡ್ ಹುಟ್ಟಿದ್ದು 1873ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಬಿಷಪ್ಸ್ ಕ್ಯಾಸಲ್ ಎಂಬ ಸಣ್ಣ ಊರಿನಲ್ಲಿ. ತಂದೆ ರೈತರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿಯೂ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿ, 1896ರಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. 1899ರಲ್ಲಿ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ಶಿಲೀಂಧ್ರತಜ್ಞರಾಗಿ ನೌಕರಿ ದೊರೆಯಿತು. ಕಬ್ಬು ಮೊದಲಾದ ಬೆಳೆಗಳ ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸಲಹೆ ಕೊಡುವುದು ಅವರ ಕೆಲಸ. ಆದರೆ ಕೊಟ್ಟ ಸಲಹೆಯನ್ನು ತಾವೇ ಪ್ರಯೋಗಿಸಿ ನೋಡಲು ಅವರ ವಶದಲ್ಲಿ ಒಂದು ತುಂಡು ಹೊಲವೂ ಇರಲಿಲ್ಲ. ಬೆಳೆಯನ್ನು ತಾನೇ ಬೆಳೆಯದವನು ಬೆಳೆಯುವವನಿಗೆ ಬುದ್ಧಿ ಹೇಳುವುದರಲ್ಲಿರುವ ಅಸಂಗತತೆ ಇಪ್ಪತ್ತೈದರ ಆ ತರುಣನನ್ನು ಆಗಲೇ ಕಾಡತೊಡಗಿತು.

1905ರಲ್ಲಿ ಭಾರತ ಸರ್ಕಾರದ ಆರ್ಥಿಕ ಸಸ್ಯಶಾಸ್ತ್ರಜ್ಞರಾಗಿ ಅವರು ಬಿಹಾರದ ಪೂಸಾಕ್ಕೆ ಬಂದರು. ಲಾರ್ಡ್ ಕರ್ಜನ್ ಅವರ ಕಾಲದಲ್ಲಿ, ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ ಅಲ್ಲಿ ಕೃಷಿ ಸಂಶೋಧನಾ ಸಂಸ್ಥೆಯೊಂದು ತಲೆ ಎತ್ತುತ್ತಿತ್ತು. 1934ರ ಬಿಹಾರ ಭೂಕಂಪದಲ್ಲಿ ಹಾನಿಗೊಂಡ ಬಳಿಕ ದೆಹಲಿಗೆ ಸ್ಥಳಾಂತರಗೊಂಡು, ಇಂದಿಗೂ ಪೂಸಾ ಎಂಬ ಹೆಸರಿನಿಂದಲೇ ಪರಿಚಿತವಾಗಿರುವುದು ಇದೇ ಸಂಸ್ಥೆ. ಬಂದ ವರ್ಷವೇ ಹೋವರ್ಡ್ ಗೇಬ್ರಿಯೆಲ್ ಮತ್ತೇಯಿ ಅವರನ್ನು ವಿವಾಹವಾದರು. ಗೇಬ್ರಿಯೆಲ್ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿ ಓದಿ, ಸಸ್ಯಗಳ ಉಸಿರಾಟ ಮತ್ತು ದ್ಯುತಿಸಂಶ್ಲೇಷಣೆಯ ಅಧ್ಯಯನದಲ್ಲಿ ಹೆಸರು ಮಾಡಿದ್ದ ವಿಜ್ಞಾನಿ. ಭಾರತದಲ್ಲಿ ಮೊದಲು ಗಂಡನ ಸಹಾಯಕಿಯ ಸ್ಥಾನ ಪಡೆದ ಅವರು 1913ರಲ್ಲಿ ದ್ವಿತೀಯ ಆರ್ಥಿಕ ಸಸ್ಯಶಾಸ್ತ್ರಜ್ಞೆ ಎಂದು ನೇಮಕಗೊಂಡರು. ಕಡತದಲ್ಲಿ ಅವರ ಸ್ಥಾನ ದ್ವಿತೀಯವಾಗಿತ್ತೇ ಹೊರತು ಕೆಲಸದಲ್ಲಿ ಅಲ್ಲ. 1909ರಲ್ಲಿ ಪ್ರಕಟವಾದ ಭಾರತದ ಗೋಧಿ ಕುರಿತ ಗ್ರಂಥವೂ, 1927ರ ಭಾರತೀಯ ಕೃಷಿಯ ಅಭಿವೃದ್ಧಿ ಕುರಿತ ಗ್ರಂಥವೂ ಇಬ್ಬರ ಹೆಸರಿನಲ್ಲಿ ಬಂದಿವೆ. ದಂಪತಿ ಅಭಿವೃದ್ಧಿಪಡಿಸಿದ ಪೂಸಾ 4 ಮತ್ತು ಪೂಸಾ 12 ಎಂಬ ಗೋಧಿ ತಳಿಗಳು ಉತ್ತರ ಭಾರತದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿದವು.

ಪೂಸಾದಲ್ಲಿ ಹೋವರ್ಡ್ ಅವರಿಗೆ ಬಯಸಿದ್ದ ಭೂಮಿ ಸಿಕ್ಕಿತು. ಸುಮಾರು 75 ಎಕರೆ. ಅಲ್ಲಿ ಅವರು ಮಾಡಿದ ಮೊದಲ ಕೆಲಸವೆಂದರೆ ಸುತ್ತಲಿನ ರೈತರು ಹೇಗೆ ಬೇಸಾಯ ಮಾಡುತ್ತಾರೆಂದು ಗಮನಿಸಿದ್ದು. ಆ ಹೊಲಗಳಿಗೆ ರಾಸಾಯನಿಕ ಗೊಬ್ಬರವಿಲ್ಲ, ಕೀಟನಾಶಕವಿಲ್ಲ. ಆದರೂ ಬೆಳೆ ಬಹುಪಾಲು ಆರೋಗ್ಯವಾಗಿಯೇ ಇದೆ. ಇದರ ಗುಟ್ಟು ಮಣ್ಣಿನಲ್ಲಿದೆ ಎಂಬ ನಿಲುವಿಗೆ ಅವರು ಬಂದರು. ಸಾಮ್ರಾಜ್ಯದ ಅಧಿಕಾರಿಯೊಬ್ಬ ಆಳಿಸಿಕೊಳ್ಳುವ ದೇಶದ ರೈತನನ್ನು ತನ್ನ ಗುರುವೆಂದು ಒಪ್ಪಿಕೊಳ್ಳುವುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಹೋವರ್ಡ್ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬೆಳೆಗೆ ಬೀಳುವ ಕೀಟ ಮತ್ತು ಬೂಷ್ಟನ್ನೂ ಅವರು ಗುರುಗಳ ಸಾಲಿಗೇ ಸೇರಿಸಿದರು. ಬೇಸಾಯದಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ತೋರಿಸಿಕೊಡುವ ತಪಾಸಕರು ಅವು ಎಂಬುದು ಅವರ ವಾದ.

ಮತ್ತೊಂದು ತೊಡಕನ್ನೂ ಅವರು ಪೂಸಾದಲ್ಲಿ ಎದುರಿಸಿದರು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಕೀಟಶಾಸ್ತ್ರ, ಶಿಲೀಂಧ್ರಶಾಸ್ತ್ರ ಎಂದು ಸಂಸ್ಥೆಯಲ್ಲಿ ವಿಭಾಗಗಳಿದ್ದವು. ಒಂದು ಗಿಡ ಬಾಡಿದರೆ ಅದರ ಬೇರು ಒಬ್ಬರ ಪಾಲಿಗೆ, ಎಲೆ ಇನ್ನೊಬ್ಬರ ಪಾಲಿಗೆ, ಮಣ್ಣು ಮತ್ತೊಬ್ಬರ ಪಾಲಿಗೆ. ಇಡೀ ಗಿಡದ ಹೊಣೆ ಯಾರದ್ದೂ ಅಲ್ಲ. ಹೋವರ್ಡ್ ತಮ್ಮ ವಿಭಾಗದ ಗೆರೆ ದಾಟಿದಾಗಲೆಲ್ಲ ಸಹೋದ್ಯೋಗಿಗಳ ಅಸಮಾಧಾನ ಎದುರಿಸಬೇಕಾಯಿತು. ಸರ್ಕಾರಿ ಕಚೇರಿಗಳಲ್ಲಿ ಜೀವಮಾನ ಕಳೆದವರಿಗೆ ಈ ಚಿತ್ರ ವಿವರಿಸಿ ಹೇಳಬೇಕಾದದ್ದಲ್ಲ. ಕಡತವು ಮೇಜಿನಿಂದ ಮೇಜಿಗೆ ಚಲಿಸುತ್ತದೆ, ಸಮಸ್ಯೆ ಮಾತ್ರ ಇದ್ದಲ್ಲೇ ಇರುತ್ತದೆ. ಬೆಳೆಯನ್ನು ಬೀಜದಿಂದ ಹಿಡಿದು ಗೊಬ್ಬರದವರೆಗೆ ಒಂದಾಗಿ ನೋಡುವ ಸಂಸ್ಥೆ ಬೇಕೆಂದು ಹೋವರ್ಡ್ ದಂಪತಿ ವರ್ಷಗಟ್ಟಲೆ ಪ್ರಯತ್ನಿಸಿದರು. 1924ರಲ್ಲಿ ಕೇಂದ್ರೀಯ ಹತ್ತಿ ಸಮಿತಿ ಮತ್ತು ಮಧ್ಯ ಭಾರತದ ಸಂಸ್ಥಾನಗಳ ಬೆಂಬಲದಿಂದ ಇಂದೂರಿನಲ್ಲಿ ಸಸ್ಯೋದ್ಯಮ ಸಂಸ್ಥೆ ಆರಂಭವಾಯಿತು. ಹೋಳ್ಕರ್ ಸಂಸ್ಥಾನ 300 ಎಕರೆ ಭೂಮಿ ಒದಗಿಸಿತು. ಹೋವರ್ಡ್ ಅದರ ನಿರ್ದೇಶಕರಾದರು.

ಇಂದೂರಿನಲ್ಲಿ ಅವರ ಎದುರಿಗಿದ್ದ ಸಮಸ್ಯೆ ಮೂಲತಃ ಅರ್ಥಶಾಸ್ತ್ರದ್ದು. ಭಾರತದ ರೈತನಿಗೆ ಗೊಬ್ಬರವೆಂದರೆ ಸಗಣಿ. ಆದರೆ ಸೌದೆ ಸಾಲದ ಊರುಗಳಲ್ಲಿ ಸಗಣಿಯ ಹೆಚ್ಚಿನ ಪಾಲು ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. 1893ರಲ್ಲಿ ಭಾರತದ ಕೃಷಿಯ ಕುರಿತು ವರದಿ ನೀಡಿದ ಜಾನ್ ಆಗಸ್ಟಸ್ ವೋಲ್ಕರ್ ಕೂಡ ಈ ಸಂಗತಿಯತ್ತ ಗಮನ ಸೆಳೆದಿದ್ದರು. ಕೊಂಡು ಹಾಕುವ ಗೊಬ್ಬರಕ್ಕೆ ರೈತನ ಕೈಯಲ್ಲಿ ಹಣವಿಲ್ಲ. ಇತ್ತ ಹತ್ತಿ ಕಡ್ಡಿ, ಕಬ್ಬಿನ ರವದೆ, ಕಳೆ, ತರಗೆಲೆಗಳು ಹೊಲದ ಬದುವಿನಲ್ಲಿ ಬೆಂಕಿಗೆ ಆಹುತಿಯಾಗುತ್ತಿದ್ದವು. ಇರುವ ಸ್ವಲ್ಪ ಸಗಣಿಯನ್ನು ಹೆಪ್ಪಿನಂತೆ ಬಳಸಿ, ರಾಶಿಗಟ್ಟಲೆ ಸಸ್ಯತ್ಯಾಜ್ಯವನ್ನು ಗೊಬ್ಬರವಾಗಿಸಲು ಸಾಧ್ಯವೇ? ಈ ಪ್ರಶ್ನೆಗೆ ದೊರೆತ ಉತ್ತರವೇ ಇಂದೂರು ವಿಧಾನ. ಚೀನಾ, ಕೊರಿಯಾ, ಜಪಾನ್‌ಗಳ ರೈತರು ಶತಮಾನಗಳ ಕಾಲ ನೆಲದ ಸತ್ವ ಕಾಯ್ದುಕೊಂಡ ಬಗೆಯನ್ನು ವಿವರಿಸಿ ಅಮೆರಿಕದ ಎಫ್. ಎಚ್. ಕಿಂಗ್ 1911ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದಿದ್ದರು. ಆ ಓದು ಹೋವರ್ಡ್ ಅವರಿಗೆ ದಾರಿ ತೋರಿತು. ರಸಾಯನಶಾಸ್ತ್ರಜ್ಞ ಯಶವಂತ ವಾಡ್ ಈ ಕೆಲಸದಲ್ಲಿ ಅವರ ಜೊತೆಗಾರರಾಗಿದ್ದರು.

ವಿಧಾನ ಸರಳ. ಸುಮಾರು 30 ಅಡಿ ಉದ್ದ, 14 ಅಡಿ ಅಗಲ, ಎರಡು ಮೂರು ಅಡಿ ಆಳದ ಗುಂಡಿ. ಅದರಲ್ಲಿ ಒಣ ಮತ್ತು ಹಸಿ ಸಸ್ಯತ್ಯಾಜ್ಯದ ಪದರ, ಮೇಲೆ ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು ಮತ್ತು ಸೌದೆಯ ಬೂದಿ, ಹದವಾಗಿ ನೀರು. ಗಡುಸಾದ ಹತ್ತಿ ಕಡ್ಡಿಯನ್ನು ಮೊದಲು ದಾರಿಯಲ್ಲಿ ಹರವಿ ಎತ್ತಿನ ಗಾಡಿಗಳ ಗಾಲಿಗೆ ಸಿಕ್ಕಿಸಿ ಪುಡಿ ಮಾಡಲಾಗುತ್ತಿತ್ತು. ಮೂರು ತಿಂಗಳಲ್ಲಿ ಮೂರು ಸಲ ರಾಶಿಯನ್ನು ಮಗುಚಿದರೆ ಒಳಗೆ ಗಾಳಿಯಾಡಿ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸುತ್ತವೆ. ಮೊದಲ ದಿನಗಳಲ್ಲಿ ರಾಶಿಯ ಶಾಖ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿ, 90 ದಿನಗಳ ಹೊತ್ತಿಗೆ 30ರ ಆಸುಪಾಸಿಗೆ ಇಳಿಯುತ್ತದೆ. ಆರಂಭದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 33 ಪಾಲು ಇಂಗಾಲವಿದ್ದರೆ ಕೊಳೆಯುವಿಕೆ ಚೆನ್ನಾಗಿ ನಡೆಯುತ್ತದೆ ಎಂಬ ಲೆಕ್ಕವೂ ಸಿಕ್ಕಿತು. ಅಜ್ಜಂದಿರ ಕಾಲದ ತಿಪ್ಪೆಗೆ ಶಾಸ್ತ್ರದ ಗೌರವ ದೊರೆತದ್ದು ಹೀಗೆ. ಕಸವು ಹುಟ್ಟಿದ ಜಾಗದಲ್ಲೇ, ಅಲ್ಲಿಯೇ ಸಿಗುವ ಸಾಮಗ್ರಿಯಿಂದ, ಹೊರಗಿನಿಂದ ಏನನ್ನೂ ಕೊಳ್ಳದೆ ಗೊಬ್ಬರವಾಗಬೇಕು ಎಂಬುದು ಈ ವಿಧಾನದ ಜೀವಾಳ.

ಈ ಯಶಸ್ಸಿನ ನಡುವೆಯೇ, 1930ರ ಆಗಸ್ಟ್‌ನಲ್ಲಿ, ಗೇಬ್ರಿಯೆಲ್ ಜಿನೀವಾದಲ್ಲಿ ತೀರಿಕೊಂಡರು. ಕಾಲು ಶತಮಾನದ ಸಹಯೋಗ ಹೀಗೆ ಅರ್ಧಕ್ಕೆ ನಿಂತಿತು. ಮರುವರ್ಷ ಹೋವರ್ಡ್ ಭಾರತದ ಸೇವೆಯಿಂದ ನಿವೃತ್ತರಾದರು. ಅದೇ 1931ರಲ್ಲಿ, ಕೃಷಿ ತ್ಯಾಜ್ಯಗಳಿಂದ ಗೊಬ್ಬರ ತಯಾರಿಸುವುದನ್ನು ಕುರಿತು ಅವರೂ ವಾಡ್ ಅವರೂ ಸೇರಿ ಬರೆದ ಗ್ರಂಥ ಹೊರಬಂತು. ನಿವೃತ್ತಿಯ ವೇತನದಲ್ಲಿ ತೋಟ ನೋಡಿಕೊಂಡು ಕಾಲ ಕಳೆಯುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವರ ಎರಡನೆಯ ಬದುಕು ಶುರುವಾದದ್ದೇ ಆಗ. ಪೂರ್ವ ಆಫ್ರಿಕದ ಕಾಫಿ ತೋಟಗಳಿಂದ ಹಿಡಿದು ಇಂಗ್ಲೆಂಡಿನ ಹೊಲಗಳವರೆಗೆ ಇಂದೂರು ವಿಧಾನವನ್ನು ಅವರು ಪ್ರಚುರಪಡಿಸಿದರು. 1934ರಲ್ಲಿ ಸರ್ ಪದವಿ ಬಂತು. 1935ರಲ್ಲಿ ಗಾಂಧೀಜಿ ಇಂದೂರಿನ ಸಂಸ್ಥೆಗೆ ಭೇಟಿ ಕೊಟ್ಟು ಗೊಬ್ಬರ ತಯಾರಿಕೆಯನ್ನು ಆಸಕ್ತಿಯಿಂದ ನೋಡಿದರು. 1940ರಲ್ಲಿ ಪ್ರಕಟವಾದ ಹೋವರ್ಡ್ ಅವರ ಅತ್ಯಂತ ಪ್ರಸಿದ್ಧ ಗ್ರಂಥ ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್, ಅಗಲಿದ ಗೇಬ್ರಿಯೆಲ್‌ಗೆ ಅರ್ಪಿತವಾಗಿದೆ. ಬ್ರಿಟನ್ನಿನಲ್ಲಿ ಈವ್ ಬಾಲ್ಫರ್, ಅಮೆರಿಕದಲ್ಲಿ ಜೆ. ಐ. ರೋಡೇಲ್ ಮುಂತಾದವರು ಅವರಿಂದ ಪ್ರೇರಣೆ ಪಡೆದರು.

ಹೋವರ್ಡ್ ಅವರ ವಿಧಾನ ಹೊಲಕ್ಕೆ ಸೀಮಿತವಾಗಿ ಉಳಿಯಲಿಲ್ಲ ಎಂಬುದು ನಗರವಾಸಿಗಳು ಗಮನಿಸಬೇಕಾದ ಅಂಶ. 1930ರ ದಶಕದಲ್ಲಿಯೇ ಇಂದೂರಿನಲ್ಲಿಯೂ ಕಲ್ಕತ್ತೆಯ ಬಳಿಯ ಟಾಲಿಗಂಜ್‌ನಲ್ಲಿಯೂ ಊರಿನ ಕಸವನ್ನು ಇದೇ ಕ್ರಮದಿಂದ ಗೊಬ್ಬರವಾಗಿಸಲಾಯಿತು. ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ನಗರದ ಕಸ ಮತ್ತು ಮಲವನ್ನು ಕಂದಕಗಳಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮುಚ್ಚಿ, ಮಗುಚುವ ಶ್ರಮವಿಲ್ಲದೆ ಕೊಳೆಯಿಸುವ ಕ್ರಮವನ್ನು ರೂಪಿಸಿದರು. ಕಾಲಾವಕಾಶ ಹೆಚ್ಚು ಬೇಕು, ಕೂಲಿ ಕಡಿಮೆ ಸಾಕು. ಪ್ರಪಂಚದ ಕೃಷಿ ಪಠ್ಯಗಳಲ್ಲಿ ಇಂದೂರು ವಿಧಾನದ ಪಕ್ಕದಲ್ಲೇ ಬೆಂಗಳೂರು ವಿಧಾನವೆಂಬ ಹೆಸರು ಅಚ್ಚಾಗಿದೆ. 1975ರಲ್ಲಿ ರಾಜ್ಯ ಸರ್ಕಾರ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನೂ ಸ್ಥಾಪಿಸಿತು. ಇಷ್ಟು ಪರಂಪರೆಯಿರುವ ನಗರವೇ ತನ್ನ ಕಸವನ್ನು ಹಳ್ಳಿಗಳ ಬಾಗಿಲಿಗೆ ಸುರಿದು ಬಂದದ್ದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಎರೆಹುಳುವಿನ ವಿಚಾರಕ್ಕೆ ಹೋವರ್ಡ್ ಬಂದದ್ದು ಬದುಕಿನ ಕೊನೆಯ ವರ್ಷಗಳಲ್ಲಿ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ, ತಮ್ಮ ಮರಣಕ್ಕೆ ಕೆಲವೇ ತಿಂಗಳ ಮುನ್ನ, ಎರೆಹುಳುಗಳು ಮೇಲ್ಮಣ್ಣನ್ನು ಹೇಗೆ ನಿರ್ಮಿಸುತ್ತವೆಂದು ವಿವರಿಸುವ ಗ್ರಂಥ ಪ್ರಕಟಿಸಿದ್ದರು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್‌ಗೂ ಹೆಚ್ಚು ಮಣ್ಣು ಹುಳುಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆಂದು ಅವರು ಲೆಕ್ಕ ಹಾಕಿದ್ದರು. ಆ ಪುಸ್ತಕ 1945ರಲ್ಲಿ ಮರುಮುದ್ರಣಗೊಂಡಾಗ ಹೋವರ್ಡ್ ಅದಕ್ಕೆ ದೀರ್ಘ ಪ್ರಸ್ತಾವನೆ ಬರೆದರು. ಅಮೆರಿಕದ ಕನೆಕ್ಟಿಕಟ್ ಕೃಷಿ ಸಂಶೋಧನಾ ಕೇಂದ್ರವು 1944ರಲ್ಲಿ ಎರೆಹುಳುವಿನ ಹಿಕ್ಕೆಯನ್ನು ಪರೀಕ್ಷಿಸಿ, ಮೇಲಿನ ಆರು ಅಂಗುಲ ಮಣ್ಣಿಗೆ ಹೋಲಿಸಿದರೆ ಗಿಡಕ್ಕೆ ದಕ್ಕುವ ಸಾರಜನಕ ಐದು ಪಟ್ಟು, ರಂಜಕ ಏಳು ಪಟ್ಟು, ಪೊಟ್ಯಾಷ್ ಹನ್ನೊಂದು ಪಟ್ಟು ಇದೆಯೆಂದು ತೋರಿಸಿತ್ತು. ಹೋವರ್ಡ್ ಈ ಅಂಕಿಗಳನ್ನು ಉತ್ಸಾಹದಿಂದ ಪ್ರಚಾರ ಮಾಡಿದರು.

ಮನೆಯಂಗಳದಲ್ಲಿ ಗೊಬ್ಬರ ಮಾಡುವವರು ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಹೋವರ್ಡ್ ಅವರ ಬಿಸಿ ರಾಶಿಯಲ್ಲಿ ಎರೆಹುಳು ಬದುಕಲಾರದು. ಆದ್ದರಿಂದ ತರಕಾರಿ ಸಿಪ್ಪೆ ಮತ್ತು ತರಗೆಲೆಗಳನ್ನು ಸ್ವಲ್ಪ ಸಗಣಿಯೊಡನೆ ಎರಡು ವಾರ ಕೊಳೆಯಲು ಬಿಟ್ಟು, ಶಾಖ ಇಳಿದ ಮೇಲೆ ಹುಳುಗಳನ್ನು ಬಿಡುವುದು ಕ್ರಮ. ಹುಳುಗಳೆಲ್ಲವೂ ಒಂದೇ ಅಲ್ಲ. ಹೊಲದಲ್ಲಿ ಆಳಕ್ಕೆ ಬಿಲ ಕೊರೆಯುವ ಜಾತಿಗಳು ತೊಟ್ಟಿಗೆ ಒಗ್ಗುವುದಿಲ್ಲ. ಮೇಲ್ಪದರದಲ್ಲಿ ಕೊಳೆತ ಪದಾರ್ಥ ತಿಂದು ಬೆಳೆಯುವ ಜಾತಿಗಳೇ ಬೇಕು. ನೆರಳು, ಹಿಂಡಿದ ಬಟ್ಟೆಯಷ್ಟು ತೇವ, ಗಾಳಿ ಇವಿಷ್ಟಿದ್ದರೆ ಸಾಕು. ಉಪ್ಪು, ಎಣ್ಣೆ, ಉಪ್ಪಿನಕಾಯಿ, ಹೆಚ್ಚು ನಿಂಬೆಸಿಪ್ಪೆ ಸಲ್ಲದು. ತೊಟ್ಟಿ ನಾರತೊಡಗಿದರೆ ಗಾಳಿ ಸಾಲದೆಂದು ಅರ್ಥ. ಒಂದಿಷ್ಟು ಒಣ ಎಲೆ ಸೇರಿಸಿ ಮಗುಚಬೇಕು. ಗಾಳಿ, ತೇವ, ಹಸಿ ಮತ್ತು ಒಣ ಪದಾರ್ಥಗಳ ಮಿಶ್ರಣ ಎಂಬ ಇಂದೂರಿನ ಸೂತ್ರವೇ ಬಾಲ್ಕನಿಯ ಕುಂಡಕ್ಕೂ ಅನ್ವಯಿಸುತ್ತದೆ.

ಹೋವರ್ಡ್ ಅವರನ್ನು ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಹ್ಯೂಮಸ್ ಸಮೃದ್ಧವಾಗಿರುವ ಮಣ್ಣಿನಲ್ಲಿ ಬೆಳೆದ ಮೇವನ್ನು ತಿಂದ ತಮ್ಮ ಎತ್ತುಗಳು ಕಾಲುಬಾಯಿ ಜ್ವರ ಬಂದ ನೆರೆಯ ದನಗಳೊಡನೆ ಮೂತಿ ತಾಗಿಸಿದರೂ ರೋಗಕ್ಕೆ ತುತ್ತಾಗಲಿಲ್ಲವೆಂದು ಅವರು ಬರೆದಿದ್ದಾರೆ. ಅದನ್ನು ನಿಯಂತ್ರಿತ ಪ್ರಯೋಗವೆನ್ನಲಾಗದು. ರಾಸಾಯನಿಕ ಗೊಬ್ಬರವನ್ನು ಅವರು ಸಾರಾಸಗಟಾಗಿ ತಿರಸ್ಕರಿಸಿದ್ದೂ ಅತಿರೇಕವೇ. ಅವರು ಕಾಲವಾದ ಮೇಲೆ, 1960ರ ದಶಕದಲ್ಲಿ ಹಡಗಿನ ಧಾನ್ಯಕ್ಕೆ ಕಾದು ಕುಳಿತಿದ್ದ ಈ ದೇಶ ಆಹಾರದಲ್ಲಿ ಸ್ವಾವಲಂಬಿಯಾಗಲು ಆ ಗೊಬ್ಬರದ ಪಾತ್ರ ದೊಡ್ಡದು. ಆದರೆ ಸಾವಯವ ಅಂಶ ಬರಿದಾದ ನೆಲಕ್ಕೆ ಕೇವಲ ಯೂರಿಯಾ ಸುರಿದರೆ ಪ್ರತಿಫಲ ಇಳಿಯುತ್ತ ಹೋಗುತ್ತದೆಂಬ ಅವರ ಮೂಲ ಎಚ್ಚರಿಕೆಯನ್ನು ಇಂದು ತಳ್ಳಿಹಾಕುವವರು ವಿರಳ. 1947ರ ಅಕ್ಟೋಬರ್ 20ರಂದು, ತಾವು 26 ವರ್ಷ ದುಡಿದ ದೇಶ ಸ್ವತಂತ್ರವಾದ ಎರಡು ತಿಂಗಳಿಗೆ, ಹೋವರ್ಡ್ ಲಂಡನ್ನಿನಲ್ಲಿ ನಿಧನರಾದರು. ಗೇಬ್ರಿಯೆಲ್ ಅವರ ತಂಗಿಯೂ ಹೋವರ್ಡ್ ಅವರ ಎರಡನೆಯ ಪತ್ನಿಯೂ ಆಗಿದ್ದ ಲೂಯಿಸ್, ಅವರ ಭಾರತದ ಕೆಲಸವನ್ನು ದಾಖಲಿಸಿ 1953ರಲ್ಲಿ ಪುಸ್ತಕ ಪ್ರಕಟಿಸಿದರು.

ಈ ಬದುಕಿನಿಂದ ನಮ್ಮ ನಗರಾಡಳಿತ ಕಲಿಯಬಹುದಾದದ್ದು ಎರಡು ಸಂಗತಿಗಳನ್ನು. ಮೊದಲನೆಯದು ದೂರದ ಲೆಕ್ಕ. ಹಸಿಕಸವೂ ಗೊಬ್ಬರವೂ ತೂಕದಲ್ಲಿ ಹೆಚ್ಚು, ಬೆಲೆಯಲ್ಲಿ ಕಡಿಮೆ. ಇಂತಹ ಪದಾರ್ಥವನ್ನು ಒಂದೊಂದು ಮೈಲಿ ಸಾಗಿಸಿದಂತೆಲ್ಲ ಅದರ ಮೌಲ್ಯ ಡೀಸೆಲ್ಲಿನ ಪಾಲಾಗುತ್ತದೆ. ಕೊನೆಗೆ ಮೌಲ್ಯ ಸೊನ್ನೆಗಿಂತ ಕೆಳಗಿಳಿದು, ಹಣ ಕೊಟ್ಟು ಬಿಸಾಡುವ ಹೊರೆಯಾಗುತ್ತದೆ. ಪ್ಲಾಸ್ಟಿಕ್, ಬ್ಯಾಟರಿ, ಒಡೆದ ಗಾಜಿನೊಡನೆ ಬೆರೆತ ಮೇಲಂತೂ ಅದನ್ನು ಯಾವ ರೈತನೂ ಹೊಲಕ್ಕೆ ಹಾಕಲಾರ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಮೂರಾಗಿ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿದ್ದರ ಹಿಂದೆ ಇರುವ ತರ್ಕ ಇದೇ. ಕಸದ ಸಂಸ್ಕರಣೆಗೆ ತಗಲುವ ವೆಚ್ಚ ಅತ್ಯಂತ ಕಡಿಮೆ ಇರುವುದು ಅದು ಹುಟ್ಟಿದ ಮನೆಯ ಹಿತ್ತಲಿನಲ್ಲಿ, ಇಲ್ಲವೇ ಬಡಾವಣೆಯ ಉದ್ಯಾನದ ಮೂಲೆಯಲ್ಲಿ. ಹಸಿಕಸವನ್ನು ತಾನೇ ಗೊಬ್ಬರ ಮಾಡಿಕೊಳ್ಳುವ ಮನೆಯು ನಗರದ ಬೊಕ್ಕಸಕ್ಕೆ ಪ್ರತಿದಿನ ಉಳಿತಾಯ ಮಾಡಿಕೊಡುತ್ತದೆ. ಆ ಉಳಿತಾಯದ ಒಂದು ಪಾಲನ್ನು ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯಾಗಿ ಮರಳಿಸುವುದು ದಾನವಲ್ಲ, ನ್ಯಾಯ.

ಎರಡನೆಯದು ವಿಭಾಗಗಳ ಗೋಡೆ. ಕಸ ಎತ್ತುವವರು ಒಬ್ಬರು, ಉದ್ಯಾನ ನೋಡಿಕೊಳ್ಳುವವರು ಇನ್ನೊಬ್ಬರು, ರೈತನಿಗೆ ಗೊಬ್ಬರದ ಸಲಹೆ ಕೊಡುವವರು ಮತ್ತೊಬ್ಬರು. ಉದ್ಯಾನದ ತರಗೆಲೆ ಹೊಗೆಯಾಗಿ ಹೋಗುತ್ತದೆ. ಅದೇ ಉದ್ಯಾನಕ್ಕೆ ಗೊಬ್ಬರವನ್ನು ಹಣ ಕೊಟ್ಟು ತರಿಸಲಾಗುತ್ತದೆ. ಪೂಸಾದಲ್ಲಿ ಹೋವರ್ಡ್ ಕಂಡ ತುಂಡು ತುಂಡು ನೋಟ ಇದೇ ಅಲ್ಲವೇ? ಇಂದೂರು ನಗರ 2017ರಿಂದ 2023ರವರೆಗೆ ಸತತ ಏಳು ಬಾರಿ ದೇಶದ ಸ್ವಚ್ಛ ನಗರವೆಂಬ ಮನ್ನಣೆ ಪಡೆಯಿತು. ಅದಕ್ಕೆ ಕಾರಣ ಹೋವರ್ಡ್ ಎಂದರೆ ಉತ್ಪ್ರೇಕ್ಷೆಯಾದೀತು. ಮನೆಯ ಬಾಗಿಲಲ್ಲೇ ಕಸವನ್ನು ಬೇರ್ಪಡಿಸಿ ಪಡೆಯುವ ಶಿಸ್ತು ಅದರ ಮುಖ್ಯ ಕಾರಣ. ಆದರೆ ಆ ಊರು ಮಾಡಿ ತೋರಿಸಿದ್ದನ್ನು, ತನ್ನದೇ ಹೆಸರಿನ ಗೊಬ್ಬರ ವಿಧಾನವನ್ನು ಹೊಂದಿರುವ ಬೆಂಗಳೂರು ಮಾಡಲಾರದು ಎನ್ನಲು ಕಾರಣಗಳಿಲ್ಲ. ನಮಗೆ ಕೊರತೆಯಿರುವುದು ವಿದ್ಯೆಯದ್ದಲ್ಲ. ಸಿಪ್ಪೆಯನ್ನು ಪ್ಲಾಸ್ಟಿಕ್ಕಿನೊಡನೆ ಒಂದೇ ಚೀಲಕ್ಕೆ ತುಂಬದಿರುವ ದಿನನಿತ್ಯದ ಸಣ್ಣ ಶಿಸ್ತಿನದು.